ವಿಶ್ವ ಎಲ್ಲ ದಿಕ್ಕಿಗೂ ಒಂದೇ ಸಮನೆ ಹಿಗ್ಗುತ್ತಿದೆಯೇ? ನೀವೇ ಲೆಕ್ಕ ಹಾಕಿ

ಕಕ್ಕಡದ ಮಳೆಯಲ್ಲಿ ಮಡಿಕೇರಿಯಿಂದ ಭಾಗಮಂಡಲಕ್ಕೆ ಜೀಪಿನಲ್ಲಿ ಹೋದವರಿಗೆ ಗೊತ್ತು: ಮುಂದಿನ ಗಾಜಿಗೆ ವೈಪರ್ ಸಾಲದಷ್ಟು ನೀರು ರಾಚುತ್ತದೆ, ಹಿಂದಿನ ಗಾಜಿನ ಮೇಲೆ ಹನಿಗಳು ಬಿಡಿಬಿಡಿಯಾಗಿ ಇಳಿಯುತ್ತವೆ. ಮಳೆ ಎರಡೂ ಕಡೆ ಒಂದೇ, ಓಡುತ್ತಿರುವುದು ಜೀಪು. ವಿಶ್ವದ ಹಿಗ್ಗುವಿಕೆಯನ್ನು ಅಳೆಯುವಾಗಲೂ ಇದನ್ನು ಮರೆಯಬಾರದು.

ದೂರದರ್ಶಕ ಬೇಡ. ಮಳೆಗಾಲವಿಡೀ ನಕ್ಷತ್ರ ಕಾಣದ ಕೊಡಗಿನಲ್ಲೂ ಕಂಪ್ಯೂಟರ್ ಇದ್ದರೆ ಸಾಕು. 2022ರಲ್ಲಿ ಪ್ರಕಟವಾದ ‘ಪ್ಯಾಂಥಿಯಾನ್ ಪ್ಲಸ್’ ಪಟ್ಟಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸುಮಾರು 1,550 ‘1ಎ’ ಬಗೆಯ ಸೂಪರ್ನೋವಾಗಳು, ಅಂದರೆ ನಕ್ಷತ್ರ ಸ್ಫೋಟಗಳು, ಅದರಲ್ಲಿವೆ. ಈ ಸ್ಫೋಟಗಳ ನಿಜವಾದ ಪ್ರಕಾಶ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಎಷ್ಟು ಮಂಕಾಗಿ ಕಾಣುತ್ತವೆ ಎಂಬುದೇ ದೂರವನ್ನು ಹೇಳುತ್ತದೆ. ಕೆಲವು ಎರಡು ಮೂರು ಸಾಲುಗಳಲ್ಲಿ ಬಂದಿವೆ, ಒಂದೊಂದನ್ನೇ ಉಳಿಸಿ.

ದೂರ ಸರಿಯುವ ಗೆಲಾಕ್ಸಿಯ ಬೆಳಕಿನ ಅಲೆಗಳು ಹಿಗ್ಗಿ ಕೆಂಪಿನತ್ತ ಸರಿಯುತ್ತವೆ; ಎಷ್ಟು ಸರಿದಿವೆ ಎಂಬುದೇ ‘ಕೆಂಪು ಪಲ್ಲಟ’. ಅದು 0.02ರಿಂದ 0.05ರ ನಡುವೆ ಇರುವವನ್ನು ಮಾತ್ರ ಆರಿಸಿ. ಅದಕ್ಕಿಂತ ಹತ್ತಿರದ ಗೆಲಾಕ್ಸಿಗಳ ಸ್ವಂತ ಓಟವೇ ಲೆಕ್ಕ ಕೆಡಿಸುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ನಿಂತರೆ ಬರಿಗಣ್ಣಿಗೇ ಕಾಣುವ ಆಂಡ್ರೊಮಿಡಾ ದೂರ ಸರಿಯುತ್ತಿಲ್ಲ, ನಮ್ಮತ್ತಲೇ ಬರುತ್ತಿದೆ! 0.05 ದಾಟಿದರೆ ಈ ಸರಳ ಲೆಕ್ಕ ಸಾಲದು.

ಕೆಂಪು ಪಲ್ಲಟವನ್ನು ಬೆಳಕಿನ ವೇಗವಾದ 3 ಲಕ್ಷದಿಂದ ಗುಣಿಸಿದರೆ ವೇಗ, ಸೆಕೆಂಡಿಗೆ ಇಷ್ಟು ಕಿ.ಮೀ. ಎಂದು ಸಿಗುತ್ತದೆ. ಮಂಕುತನದಿಂದ ಲೆಕ್ಕ ಹಾಕಿದ ‘ದೂರಮಾನ’ ಎಂಬ ಸಂಖ್ಯೆ ಪಟ್ಟಿಯಲ್ಲೇ ಇದೆ, ಅದರಲ್ಲಿ 25 ಕಳೆದು 5ರಿಂದ ಭಾಗಿಸಿ. ಬಂದ ಸಂಖ್ಯೆಯನ್ನು 10ರ ಘಾತವಾಗಿಸಿದರೆ ದೂರ, ಮೆಗಾಪಾರ್ಸೆಕ್‌ಗಳಲ್ಲಿ (ಒಂದು ಮೆಗಾಪಾರ್ಸೆಕ್ ಎಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ). ವೇಗವನ್ನು ದೂರದಿಂದ ಭಾಗಿಸಿ. ಸಿಗುವುದು ವಿಶ್ವ ಹಿಗ್ಗುವ ದರ, ಅದು 70ರ ಆಸುಪಾಸಿನಲ್ಲಿರಬೇಕು.

ಈಗ ಆಕಾಶವನ್ನು ಎರಡು ಪಾಲು ಮಾಡಿ, ಒಂದೊಂದರ ಸರಾಸರಿ ತೆಗೆಯಿರಿ. ಜೀಪಿನ ಮಾತು ಇಲ್ಲಿ ಬರುತ್ತದೆ. ಮಹಾಸ್ಫೋಟದಿಂದ ಉಳಿದು ಎಲ್ಲ ದಿಕ್ಕಿನಿಂದಲೂ ಬರುವ ವಿಶ್ವದ ಹಿನ್ನೆಲೆ ವಿಕಿರಣಕ್ಕೆ ಹೋಲಿಸಿದರೆ ನಮ್ಮ ಸೂರ್ಯ ಸಿಂಹ ರಾಶಿಯ ಆಸುಪಾಸಿನ ದಿಕ್ಕಿಗೆ ಸೆಕೆಂಡಿಗೆ ಸುಮಾರು 370 ಕಿ.ಮೀ. ಓಡುತ್ತಿದ್ದಾನೆ. ಸೆಕೆಂಡಿಗೆ 6,000 ಕಿ.ಮೀ. ವೇಗದ ಗೆಲಾಕ್ಸಿಗೆ ಅದು ಶೇ 6ರಷ್ಟು! ಪಟ್ಟಿಯಲ್ಲಿ ಸೂರ್ಯನಿಂದ ಕಂಡ ಪಲ್ಲಟವೂ ಈ ಓಟವನ್ನು ಕಳೆದ ಪಲ್ಲಟವೂ ಬೇರೆ ಬೇರೆ ಕಾಲಂಗಳಲ್ಲಿವೆ. ಎರಡರಿಂದಲೂ ಲೆಕ್ಕ ಮಾಡಿ ಹೋಲಿಸಿ. ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಪ್ರಿಯವಾದ ಹಂತ ಇದು.

ಆಮೇಲೂ ಅಂತರ ಉಳಿದರೆ ಸಂಭ್ರಮಿಸಬೇಡಿ. ಸೂಪರ್ನೋವಾಗಳ ದಿಕ್ಕುಗಳನ್ನು ಚೀಟಿ ಎತ್ತಿದಂತೆ ಅದಲುಬದಲು ಮಾಡಿ, ಸಾವಿರ ಸಲ ಅದೇ ಲೆಕ್ಕ ಹಾಕಿಸಿ. ಅಷ್ಟೇ ದೊಡ್ಡ ಅಂತರ ನೂರಾರು ಸಲ ಬಂದರೆ ನಿಮ್ಮದು ಆಕಸ್ಮಿಕ. ಹತ್ತಕ್ಕಿಂತ ಕಡಿಮೆ ಸಲ ಬಂದರೆ ಮತ್ತೆ ಜೀಪನ್ನೇ ಅನುಮಾನಿಸಿ: 2020ರಲ್ಲಿ ಗೆಲಾಕ್ಸಿ ಗುಚ್ಛಗಳ ಕ್ಷ-ಕಿರಣ ಅಧ್ಯಯನವೊಂದು ದಿಕ್ಕಿನಿಂದ ದಿಕ್ಕಿಗೆ ವ್ಯತ್ಯಾಸವಿದೆ ಎಂದಿತು, ಆ ಗುಚ್ಛಗಳೇ ಒಟ್ಟಾಗಿ ಒಂದು ಕಡೆಗೆ ಸಾಗುತ್ತಿದ್ದರೂ ಹಾಗೆಯೇ ಕಾಣುತ್ತದೆ.