ಹೊಸಬರಿಗೆ ಮಾರ್ಗದರ್ಶಿ: ಹೊಸ ಪಿಕಪ್‌ಗೆ ಆಯಿಲ್ ಯಾವಾಗ ಬದಲಿಸಬೇಕು?

ಉತ್ತರ ಕರ್ನಾಟಕದಿಂದ ಕೋಲಾರಕ್ಕೆ ಬಂದು ನೆಲೆಸುವ ನಮ್ಮವರು ಇಲ್ಲಿನ ನಮ್ಮ ಸಂಘದಲ್ಲಿ ಮೊದಲು ಕೇಳುವುದು ಬಾಡಿಗೆ ಮನೆ, ಆಮೇಲೆ ಶಾಲೆ. ಸಾಲ ಮಾಡಿ ಪಿಕಪ್ ತಗೊಂಡು ಟೊಮೆಟೊ ಸಾಗಿಸುವ ಬಾಡಿಗೆಗೆ ಇಳಿದವರ ಪ್ರಶ್ನೆ ಮಾತ್ರ ಬೇರೆ: ಆಯಿಲ್ ಎಷ್ಟು ಕಿಲೋಮೀಟರಿಗೆ?

ಪುಸ್ತಕ ತೆಗೆಯಿರಿ

ಗಾಡಿ ಜೊತೆ ಕೊಟ್ಟ ಪುಸ್ತಕವನ್ನು ಕವರ್ ಬಿಚ್ಚದೆ ಬೀರುವಿನಲ್ಲಿ ಇಟ್ಟುಬಿಡುತ್ತೀರಿ. ಉತ್ತರ ಅದರಲ್ಲೇ ಇದೆ. ಮಾದರಿ ನೋಡಿಕೊಂಡು 10,000 ಕಿ.ಮೀ. ಇರಬಹುದು, 20,000 ಇರಬಹುದು. ಪಕ್ಕದ ಮನೆಯವರ ಗಾಡಿಯ ಲೆಕ್ಕ ನಿಮಗೆ ಬೇಡ. ಕಿ.ಮೀ. ಜೊತೆ ತಿಂಗಳ ಲೆಕ್ಕವೂ ಇರುತ್ತದೆ. ಯಾವುದು ಮೊದಲು ಬರುತ್ತದೋ ಅದಕ್ಕೆ ಬದಲಿಸಬೇಕು. ಸೀಸನ್ ಮುಗಿದು ಗಾಡಿ ಮನೆ ಮುಂದೆ ನಿಂತಿದ್ದರೂ ತಿಂಗಳು ಓಡುತ್ತಲೇ ಇರುತ್ತದೆ, ಅಲ್ವಾ?

ಅದೇ ಪುಸ್ತಕದಲ್ಲಿ ಕಠಿಣ ಬಳಕೆ ಅಂತ ಇನ್ನೊಂದು ಲೆಕ್ಕವೂ ಇರುತ್ತದೆ. ದೂಳು, ಭಾರಿ ಲೋಡು, ಹತ್ತಿರದ ಓಡಾಟ, ನಿಂತಲ್ಲೇ ಇಂಜಿನ್ ಓಡಿಸುವುದು. ನಮ್ಮ ಕೆಲಸ ಪೂರ್ತಿ ಇದೇ ತಾನೆ? ತೋಟದ ಮಣ್ಣು ದಾರಿಯಲ್ಲಿ ಲೋಡು ಹೊತ್ತು ಬರುತ್ತೀರಿ. ಎಪಿಎಂಸಿ ಗೇಟಿನ ಹತ್ತಿರ ಸಾಲಿನಲ್ಲಿ ಒಂದೊಂದೇ ಮಾರು ಮುಂದೆ ಸರಿಯುತ್ತೀರಿ. ಮೀಟರ್ ಅಲುಗುವುದಿಲ್ಲ, ಆಯಿಲ್ ಬೇಯುತ್ತಲೇ ಇರುತ್ತದೆ. ಊರಲ್ಲಿ ಟ್ರ್ಯಾಕ್ಟರ್ ನೋಡಿಕೊಂಡವರಿಗೆ ಇದು ಗೊತ್ತು: ಅಲ್ಲಿ ಲೆಕ್ಕ ಗಂಟೆಯದು. ಪಿಕಪ್‌ಗೆ ಬಂದ ಕೂಡಲೇ ಅದನ್ನು ಮರೆಯುವುದು ಯಾಕೋ! ಕಠಿಣ ಬಳಕೆಗೆ ಬಹಳ ಗಾಡಿಗಳಲ್ಲಿ ಅವಧಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಮಂಡಿಗೆ ಓಡಿಸುವವರು ಈ ಲೆಕ್ಕವನ್ನೇ ಹಿಡಿಯಿರಿ.

ಆಯಿಲ್ ಕಪ್ಪಾಯಿತು ಅಂತ ಗಾಬರಿ ಬೇಡ. ಡೀಸೆಲ್ ಇಂಜಿನ್‌ನಲ್ಲಿ ಬೇಗ ಕಪ್ಪಾಗುವುದು ಸಹಜ.

ಯಾವ ಆಯಿಲ್?

2020ರ ಏಪ್ರಿಲ್‌ನಿಂದ ಮಾರುವ ಗಾಡಿಗಳೆಲ್ಲ ಬಿಎಸ್6, ಅಂದರೆ ಹೊಗೆಯ ಮಿತಿ ಬಿಗಿ ಮಾಡಿದ ನಿಯಮದವು. ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಅದಕ್ಕೆ ಸುಟ್ಟಾಗ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಟ್ರ್ಯಾಕ್ಟರ್‌ಗೆ ತಂದು ಉಳಿದ ಡಬ್ಬಿ ಸುರಿಯಬೇಡಿ. ಇನ್ನೊಂದು ಮಾತು: ಆಯಿಲ್ ಮಟ್ಟ ತಾನಾಗಿ ಏರಿದರೆ ಖುಷಿಪಡಬೇಡಿ. ಆ ಫಿಲ್ಟರ್ ಮಸಿ ಸುಟ್ಟುಕೊಳ್ಳುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಆಯಿಲ್‌ಗೆ ಸೇರುತ್ತದೆ. ಕೂಡಲೇ ತೋರಿಸಿ.

ಬಿಲ್, ಬಿಲ್, ಬಿಲ್

ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಸದಸ್ಯರೊಬ್ಬರ ಇಂಜಿನ್ ವಾರಂಟಿ ಒಳಗೇ ಕೆಟ್ಟಿತು. ಆಯಿಲ್ ಸಮಯಕ್ಕೆ ಬದಲಿಸಿದ್ದರು, ಆದರೆ ಬಿಲ್ ಇರಲಿಲ್ಲ. ಸರ್ವಿಸ್‌ನವರು ಕೈಯೆತ್ತಿಬಿಟ್ಟರು. ಕಂತು ಮಾತ್ರ ನಿಲ್ಲಲಿಲ್ಲ. ಪರಿಚಯದ ಮೆಕ್ಯಾನಿಕ್ ಅಂತ ನಾಚಿಕೊಳ್ಳದೆ ಬಿಲ್ ಕೇಳಿ. ತಾರೀಖು, ಮೀಟರ್ ರೀಡಿಂಗ್, ಗಾಡಿ ನಂಬರ್, ಆಯಿಲ್ ಹೆಸರು ಮತ್ತು ದರ್ಜೆ ಬರೆಸಿ. ಫೋಟೊ ತೆಗೆದು ಮನೆಯವರಿಗೂ ಕಳಿಸಿ. ಮೊದಲ ಉಚಿತ ಸರ್ವಿಸ್ ತಪ್ಪಿಸಲೇಬೇಡಿ. ಲೋಡು ಇತ್ತು ಅನ್ನುವ ನೆಪ ಅಲ್ಲಿ ನಡೆಯುವುದಿಲ್ಲ.

ಇಲ್ಲಿ ಗ್ಯಾರೇಜುಗಳಲ್ಲಿ ತೆಲುಗು ಕೇಳಿ ಹಿಂಜರಿಯಬೇಡಿ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ನೀವು ಕನ್ನಡದಲ್ಲೇ ಮಾತಾಡಿ, ಅದು ನಮ್ಮ ಸಂಘದ ಕೋರಿಕೆಯೂ ಹೌದು.

ಗ್ಯಾರೇಜಿನಲ್ಲಿ

- ಆಯಿಲ್ ಜೊತೆ ಆಯಿಲ್ ಫಿಲ್ಟರ್ ಕೂಡ ಹೊಸದು
- ಹಳೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೆ ಹೊಸ ವಾಷರ್
- ಸೀಲ್ ಇರುವ ಡಬ್ಬಿ, ನಿಮ್ಮ ಎದುರೇ ಒಡೆಯಬೇಕು
- ಸಮ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ. ಮೇಲಿನ ಗುರುತು ದಾಟಬಾರದು

ತೆಗೆದ ಆಯಿಲ್ ಅಲ್ಲಿನ ಡ್ರಮ್ಮಿಗೇ ಹೋಗಲಿ. ಗೆದ್ದಲಿಗೆ ಅಂತ ಕಂಬಕ್ಕೆ ಬಳಿಯಲು ಮನೆಗೆ ತರಬೇಡಿ, ಚರಂಡಿಗೂ ಬೇಡ. ಈ ಜಿಲ್ಲೆ ಕೆರೆ ನಂಬಿ ಬದುಕುವ ಜಿಲ್ಲೆ.

ಪುಸ್ತಕ ಇಂಗ್ಲಿಷಿನಲ್ಲಿದೆ ಅಂತ ಸುಮ್ನೆ ಕೂರಬೇಡಿ. ಭಾನುವಾರ ಸಂಘಕ್ಕೆ ತನ್ನಿ, ಓದಿ ಹೇಳುತ್ತೇವೆ. ಬರುವಾಗ ಬಿಲ್ಲೂ ಇರಲಿ.