ಕುಕ್ಕರಹಳ್ಳಿ ಕೆರೆಯಲ್ಲಿ ಹಕ್ಕಿ ಫೋಟೊ ತೆಗೆಯುವುದು ಹೇಗೆ?

ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಏರಿದ ಮೇಲೆ ಬಿಳಿ ಹಕ್ಕಿಗಳ ಗರಿಯ ಗೆರೆ ಫೋಟೊದಲ್ಲಿ ಉಳಿಯುವುದಿಲ್ಲ. ಸೂರ್ಯ ನಿಮ್ಮ ಬೆನ್ನಿಗಿರಲಿ.

ಮೊದಲು ಕ್ಯಾಮೆರಾ ಚೀಲದಲ್ಲೇ ಇರಲಿ. ಒಂದು ಕಡೆ ಸುಮ್ನೆ ನಿಂತು ನೋಡಿ. ನೀರುಕಾಗೆ ಮುಳುಗಿ ಎದ್ದು, ಕೊಂಬೆ ಮೇಲೆ ರೆಕ್ಕೆ ಹರಡಿ ಕೂರುತ್ತದೆ. ಅದರ ಗರಿ ನೆನೆಯುತ್ತದೆ, ಒಣಗಬೇಕಲ್ವಾ? ಹೊಸಬರು ಇದರಿಂದಲೇ ಶುರು ಮಾಡಿ. ಶಟರ್ ವೇಗ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/500 ಸೆಕೆಂಡ್ ಸಾಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಹೆಜ್ಜಾರ್ಲೆ, ಅಂದರೆ ಪೆಲಿಕನ್. ಅಷ್ಟು ಭಾರದ ಹಕ್ಕಿ ಥಟ್ಟನೆ ಹಾರಲಾರದು. ಗಾಳಿಗೆ ಎದುರಾಗಿ, ರೆಕ್ಕೆ ಬಡಿಯುತ್ತಾ, ಎರಡೂ ಕಾಲಲ್ಲಿ ನೀರನ್ನು ಒದೆಯುತ್ತಾ ಏಳುತ್ತದೆ. ಹಿಂದೆ ನೀರು ಸಾಲಾಗಿ ಚಿಮ್ಮುತ್ತದೆ. ಆ ಕ್ಷಣ ಬೇಕೆಂದರೆ ಅಲೆ ನೋಡಿ ಗಾಳಿಯ ದಿಕ್ಕು ತಿಳಿದುಕೊಳ್ಳಿ. ಗಾಳಿ ಬರುವ ಕಡೆ ನಿಂತರೆ ಹಕ್ಕಿ ನಿಮ್ಮತ್ತಲೇ ಬರುತ್ತದೆ. ಶಟರ್ 1/2000 ಸೆಕೆಂಡ್, ಬರ್ಸ್ಟ್ ಮೋಡ್ (ಒಂದರ ಹಿಂದೊಂದು ಫೋಟೊ ತೆಗೆಯುವುದು) ಇರಲಿ. ಬಿಸಿಲಿದ್ದರೆ ಎಕ್ಸ್‌ಪೋಷರ್ (ಫೋಟೊಗೆ ಸಿಗುವ ಬೆಳಕು) ಸ್ವಲ್ಪ ಇಳಿಸಿ.

ಗೂಡಿರುವ ಮರದ ಹತ್ತಿರ ದಯವಿಟ್ಟು ಹೋಗಬೇಡಿ. ಹಕ್ಕಿ ಹೆದರಿ ಎದ್ದರೆ ಕಾಗೆ ಬಂದು ಮೊಟ್ಟೆ ಕದಿಯುತ್ತದೆ. ಮೊಬೈಲಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದೂ ಬೇಡ.