ಚಿಪ್ಪಿನ ಕಿಟಕಿ ರೆವಿಟ್‌ನಲ್ಲಿ: ಫ್ಯಾಮಿಲಿಯೊಳಗೆ ಫ್ಯಾಮಿಲಿ, ಅರೇಯೊಳಗೆ ಅರೇ

ಗೋವಾದ ಹಳೆಯ ಮನೆಗಳ ಕಿಟಕಿಗಳಲ್ಲಿ ಗಾಜಿನ ಜಾಗದಲ್ಲಿ ಚಿಪ್ಪು ಇರುತ್ತದೆ. ತೆಳ್ಳಗಿನ ಚಪ್ಪಟೆ ಚಿಪ್ಪನ್ನು ಚೌಕ ಮಾಡಿ, ಮರದ ಸಣ್ಣ ಪಟ್ಟಿಗಳ ನಡುವೆ ಒಂದರ ಮೇಲೊಂದು ಕೂರಿಸಿರುತ್ತಾರೆ. ಮಧ್ಯಾಹ್ನದ ಸುಡು ಬಿಸಿಲು ಕೂಡ ಅದರಿಂದ ಒಳಗೆ ಬರುವಾಗ ತಂಪಾಗಿ, ಹಾಲಿನ ಬಣ್ಣದಲ್ಲಿ ಬರುತ್ತದೆ. ನಾನು ಧಾರವಾಡದವಳು. ಮಡಗಾಂವ್‌ನ ಒಂದು ಸಣ್ಣ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ರೆವಿಟ್‌ನಲ್ಲಿ, ಅಂದರೆ ಕಟ್ಟಡದ ಮಾದರಿ ಮಾಡುವ ಸಾಫ್ಟ್‌ವೇರ್‌ನಲ್ಲಿ, ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಮಾಡಿದ ಕೆಲಸಗಳಲ್ಲಿ ನನಗೆ ಜಾಸ್ತಿ ಕಲಿಸಿದ್ದು ಈ ಕಿಟಕಿಯೇ.

ನಮ್ಮ ಆಫೀಸಿಗೆ ಹಾವೇರಿ, ಬೆಳಗಾವಿ ಕಡೆಯ ಹುಡುಗ ಹುಡುಗಿಯರು ಹೊಸದಾಗಿ ಬರುತ್ತಿರುತ್ತಾರೆ. ಫ್ಯಾಮಿಲಿ, ಅಂದರೆ ಅಳತೆ ಬದಲಿಸಬಹುದಾದ ಕಿಟಕಿ, ಬಾಗಿಲಿನಂಥ ಒಂದು ಭಾಗ, ಮಾಡುವುದು ಅವರಿಗೆ ಗೊತ್ತಿರುತ್ತದೆ. ಅರೇ, ಅಂದರೆ ಒಂದೇ ವಸ್ತುವಿನ ನಕಲುಗಳನ್ನು ಸಾಲಾಗಿ ಇಡುವುದು, ಅದೂ ಗೊತ್ತಿರುತ್ತದೆ. ಎರಡೂ ಒಟ್ಟಿಗೆ ಬಂದಾಗ ಮಾತ್ರ ಎಡವುತ್ತಾರೆ. ಅಗಲ ಬದಲಿಸಿದ ಕೂಡಲೇ ಎಲ್ಲ ಕಿತ್ತು ಹೋಗುತ್ತದೆ. ಅವರ ಪಕ್ಕ ಕೂತು ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಜಾಗ ಹೆಚ್ಚು ಕಡಿಮೆ ಆದಾಗ, ಉಳಿದ ಅಳತೆ ಎಲ್ಲಿಗೆ ಹೋಗಬೇಕು? ಇದನ್ನು ನನಗೆ ಹೇಳಿಕೊಟ್ಟವರು ಒಬ್ಬ ಬಡಿಗರು. ಕಿತ್ತೂರು ಕಡೆಯವರು, ಇಲ್ಲಿಗೆ ಬಂದು ಎಷ್ಟೋ ವರ್ಷ ಆಯಿತು. ನಾವೆಲ್ಲ ಕಾಕಾ ಅನ್ನುತ್ತೇವೆ. ಸಾಲ್ಸೆಟ್ ತಾಲ್ಲೂಕಿನ ಒಂದು ಹಳೆಯ ಮನೆಗೆ 9 ಕಿಟಕಿ ಮಾಡಬೇಕಿತ್ತು. ನಾನು ಡ್ರಾಯಿಂಗ್‌ನಲ್ಲಿ ಚಿಪ್ಪುಗಳನ್ನು ಸಮವಾಗಿ ಹಂಚಿ, ಒಂದೊಂದು ಕಿಟಕಿಗೆ ಒಂದೊಂದು ಅಳತೆಯ ಚಿಪ್ಪು ತೋರಿಸಿದ್ದೆ. ಕಾಕಾ ಕಾಗದ ನೋಡಿ ಹೇಳಿದರು: "ಅಕ್ಕಾರ, ಹಳೀ ಚಿಪ್ಪು ಕಡಿಯಾಕ ಹೋದ್ರ ಒಡೀತದ. ಕಟ್ಟಿಗಿ ಎಷ್ಟ ಬೇಕಾದ್ರೂ ಕಡೀಬಹುದು. ಉಳದದ್ದೆಲ್ಲಾ ಕಟ್ಟಿಗಿ ಮ್ಯಾಲ ಹಾಕ್ರಿ."

ಹೊಸ ಚಿಪ್ಪು ತರಿಸುವ ಮಾತೇ ಇರಲಿಲ್ಲ. ಈ ಚಿಪ್ಪಿನ ಜೀವಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಬಂದಿದೆ. ಹಳೆಯ ಕಿಟಕಿಗಳಿಂದ ಬಿಚ್ಚಿದ್ದನ್ನೇ ಮತ್ತೆ ಕೂರಿಸಬೇಕಿತ್ತು. ಹಾಗಾಗಿ ಚಿಪ್ಪಿನ ಅಳತೆ ಗಟ್ಟಿ, ಸಂಖ್ಯೆ ಲೆಕ್ಕದಿಂದ ಬರಬೇಕು, ಉಳಿದ ಮಿಲಿಮೀಟರ್ ಅಂಚಿನ ಕಟ್ಟಿಗೆಗೆ ಹೋಗಬೇಕು.

ಈ ಉತ್ತರ ಸಿಕ್ಕ ಮೇಲೆ ಯಾವ ಅರೇ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಅರೇ ಹಾಕುವಾಗ ರೆವಿಟ್ 'ಮೂವ್ ಟು' ಎಂದು ಕೇಳುತ್ತದೆ. 'ಸೆಕೆಂಡ್' ಆರಿಸಿದರೆ ಒಂದರಿಂದ ಇನ್ನೊಂದಕ್ಕೆ ಇರುವ ಅಂತರ ಗಟ್ಟಿ. ಸಂಖ್ಯೆ ಹೆಚ್ಚಿದಂತೆ ಸಾಲು ಉದ್ದವಾಗುತ್ತದೆ. 'ಲಾಸ್ಟ್' ಆರಿಸಿದರೆ ಮೊದಲನೆಯದು, ಕೊನೆಯದು ಗಟ್ಟಿ. ನಡುವಿನವು ಸಮವಾಗಿ ಹಂಚಿಕೊಳ್ಳುತ್ತವೆ. ಅಡುಗೆಮನೆಯ ಲೂವರ್, ಬಾಲ್ಕನಿಯ ಕಂಬಿ ಇಂಥವಕ್ಕೆ 'ಲಾಸ್ಟ್' ಸರಿ. ನಮ್ಮ ಚಿಪ್ಪಿಗೆ 'ಸೆಕೆಂಡ್' ಬೇಕು. ಎರಡಕ್ಕೂ 'ಗ್ರೂಪ್ ಅಂಡ್ ಅಸೋಸಿಯೇಟ್' ಟಿಕ್ ಇರಲೇಬೇಕು. ಅದು ಇಲ್ಲದಿದ್ದರೆ ಸುಮ್ನೆ ನಕಲು ಬೀಳುತ್ತವೆ, ಸಂಖ್ಯೆ ನಿಮ್ಮ ಹಿಡಿತಕ್ಕೆ ಸಿಗುವುದಿಲ್ಲ.

ಇನ್ನು ಅಳತೆಗಳು. ಒಂದರ ಪಕ್ಕ ಒಂದು ಚಿಪ್ಪು ಬರುವ ಅಂತರವನ್ನು ನಾನು ಹೆಜ್ಜೆ ಎಂದು ಕರೆಯುತ್ತೇನೆ. ಚಿಪ್ಪು ಕಾಣುವ ಅಗಲ 60 ಮಿಮೀ, ಪಟ್ಟಿ 12 ಮಿಮೀ. ಅಡ್ಡ ಹೆಜ್ಜೆ 72. ಎತ್ತರದಲ್ಲಿ ಹೆಜ್ಜೆ 85. ಕದದ ಒಳ ಅಗಲ ಏಳು ಕಿಟಕಿಗಳಲ್ಲಿ 450, ಉಳಿದ ಎರಡರಲ್ಲಿ 490. ಎತ್ತರ ಎಲ್ಲಕ್ಕೂ 1200.

ಫ್ಯಾಮಿಲಿ ನಾಲ್ಕು. ಒಳಗಿನಿಂದ ಶುರು ಮಾಡಿ. ಮೊದಲನೆಯದು ಒಂದೇ ಒಂದು ಚಿಪ್ಪು, ಜೆನೆರಿಕ್ ಮಾಡೆಲ್ ಟೆಂಪ್ಲೇಟ್‌ನಲ್ಲಿ. ಎರಡನೆಯದು ಒಂದು ಕಂಬಸಾಲು: ಚಿಪ್ಪು ಕೆಳಗಿನಿಂದ ಮೇಲಕ್ಕೆ ಅರೇ ಆಗಿ, ಎಡಗಡೆಗೆ ಒಂದು ಮರದ ಪಟ್ಟಿ. ಮೂರನೆಯದು ಕದ: ಕಂಬಸಾಲುಗಳು ಎಡದಿಂದ ಬಲಕ್ಕೆ ಅರೇ ಆಗಿ, ಬಲ ತುದಿಗೆ ಒಂದು ಕೊನೆಯ ಪಟ್ಟಿ, ಸುತ್ತ ಚೌಕಟ್ಟು. ನಾಲ್ಕನೆಯದು ವಿಂಡೋ ಟೆಂಪ್ಲೇಟ್‌ನಲ್ಲಿ ಮಾಡಿದ ಕಿಟಕಿ, ಅದರಲ್ಲಿ ಎರಡು ಕದ.

ಪ್ರತಿಯೊಂದರಲ್ಲೂ ಮೊದಲು ರೆಫರೆನ್ಸ್ ಪ್ಲೇನ್ (ಆಕಾರಕ್ಕೆ ಆಧಾರವಾಗುವ ಗೆರೆ) ಎಳೆಯಿರಿ, ಆಮೇಲೆ ಆಕಾರ. ಪ್ಲೇನ್‌ಗಳಿಗೆ ಹೆಸರು ಕೊಡಿ. ಹೊರಗಿನ ಫ್ಯಾಮಿಲಿಯಲ್ಲಿ ಅಲೈನ್ ಮಾಡಬೇಕಾದ, ಅಂದರೆ ಇನ್ನೊಂದು ಗೆರೆಗೆ ಸರಿಯಾಗಿ ಕೂರಿಸಬೇಕಾದ, ಪ್ಲೇನ್‌ಗೆ 'ಈಸ್ ರೆಫರೆನ್ಸ್' ಎಂಬಲ್ಲಿ 'ಸ್ಟ್ರಾಂಗ್' ಇಡಿ. 'ನಾಟ್ ಎ ರೆಫರೆನ್ಸ್' ಎಂದು ಇಟ್ಟರೆ ಹೊರಗಿನಿಂದ ಅದು ಕೈಗೆ ಸಿಗುವುದಿಲ್ಲ. ಎಷ್ಟೋ ಜನ ಇಲ್ಲೇ ಅರ್ಧ ಗಂಟೆ ಒದ್ದಾಡುತ್ತಾರೆ.

ಈಗ ನಾನು ತುಂಬಾ ತಡವಾಗಿ ಕಲಿತ ವಿಷಯ. ರೆವಿಟ್‌ನಲ್ಲಿ ಅಳತೆ ಮೇಲಿನಿಂದ ಕೆಳಗೆ ಮಾತ್ರ ಹರಿಯುತ್ತದೆ. ಕಿಟಕಿ ತನ್ನ ಕದಕ್ಕೆ ಹೇಳಬಹುದು, ಕದ ತನ್ನ ಕಂಬಸಾಲಿಗೆ ಹೇಳಬಹುದು. ಕಂಬಸಾಲಿನಲ್ಲಿ ಲೆಕ್ಕ ಮಾಡಿದ ಸಂಖ್ಯೆಯನ್ನು ಕಿಟಕಿ ಓದಲಾರದು. ಆದ್ದರಿಂದ ಎಲ್ಲ ಲೆಕ್ಕವನ್ನೂ ಕಿಟಕಿಯಲ್ಲೇ ಮಾಡಿ. ಒಳಗಿನ ಫ್ಯಾಮಿಲಿಗಳಲ್ಲಿ ಸೂತ್ರ ಬರೆಯಬೇಡಿ. ಅಲ್ಲಿ ಬರೀ ಖಾಲಿ ಇನ್‌ಸ್ಟೆನ್ಸ್ ಪ್ಯಾರಾಮೀಟರ್‌ಗಳು (ಇಟ್ಟ ಒಂದೊಂದಕ್ಕೂ ಬೇರೆ ಬೇರೆ ಬೆಲೆ ಕೊಡಬಹುದಾದ, ಹೆಸರಿಟ್ಟ ಅಳತೆಗಳು) ಇರಲಿ: ಹೆಜ್ಜೆ, ಅಂಚು, ಕಂಬಸಾಲಿನ ಸಂಖ್ಯೆ, ಚಿಪ್ಪಿನ ಸಂಖ್ಯೆ. ಸಂಖ್ಯೆಗಳ ಬಗೆ 'ಇಂಟಿಜರ್', ಉಳಿದವು 'ಲೆಂತ್'. ಒಳಗಿನ ಪ್ಯಾರಾಮೀಟರ್‌ಗೆ ಸೂತ್ರ ಇದ್ದರೆ ಅದನ್ನು ಹೊರಗಿನಿಂದ ನಡೆಸಲು ಆಗುವುದಿಲ್ಲ.

ಕದದ ಫ್ಯಾಮಿಲಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಕಷ್ಟ ಇರುವುದೇ ಅಲ್ಲಿ.

ಎಡ ಪ್ಲೇನ್‌ನಿಂದ ಸ್ವಲ್ಪ ಒಳಗೆ 'ಶುರು' ಎಂಬ ಪ್ಲೇನ್ ಎಳೆಯಿರಿ. ನಡುವಿನ ಡೈಮೆನ್ಷನ್‌ಗೆ ಅಂಚು ಎಂದು ಲೇಬಲ್. ಅದರಾಚೆ 'ಎರಡನೇದು' ಎಂಬ ಪ್ಲೇನ್, ನಡುವೆ ಹೆಜ್ಜೆ. ಪ್ಯಾರಾಮೀಟರ್ ಬದಲಿಸಿ ಪ್ಲೇನ್‌ಗಳು ಸರಿಯಾಗಿ ಓಡಾಡುತ್ತವೆಯೇ ನೋಡಿ. ಆಮೇಲೆ ಕಂಬಸಾಲನ್ನು ಲೋಡ್ ಮಾಡಿ ಒಂದನ್ನು ಇಡಿ. ಅದನ್ನು ಆರಿಸಿ, ಪ್ರಾಪರ್ಟೀಸ್‌ನಲ್ಲಿ ಅದರ ಪ್ರತಿ ಪ್ಯಾರಾಮೀಟರ್ ಪಕ್ಕದ ಪುಟ್ಟ ಬಟನ್ ಒತ್ತಿ, ಕದದ ಪ್ಯಾರಾಮೀಟರ್‌ಗೆ ಜೋಡಿಸಿ. ಈ ಜೋಡಣೆ ಅರೇ ಹಾಕುವ ಮೊದಲೇ ಮುಗಿಯಬೇಕು. ಅರೇ ಆದ ಮೇಲೆ ಪ್ರತಿಯೊಂದೂ ಒಂದು ಗ್ರೂಪ್ ಒಳಗೆ ಹೋಗಿ ಕೂರುತ್ತದೆ. ಆಗ ಗ್ರೂಪ್ ತೆರೆದು ಒಂದೊಂದನ್ನೇ ಜೋಡಿಸುವುದು ದೊಡ್ಡ ರಗಳೆ. ಮೊದಲೇ ಜೋಡಿಸಿದ್ದರೆ ನಕಲುಗಳೂ ಆ ಜೋಡಣೆಯನ್ನು ಹೊತ್ತೇ ಬರುತ್ತವೆ.

ಈಗ ಎ, ಆರ್ ಒತ್ತಿ ಅರೇ ಹಾಕಿ. ಸಂಖ್ಯೆ 3 ಇರಲಿ, 'ಸೆಕೆಂಡ್' ಇರಲಿ. ಆದ ಕೂಡಲೇ ಎ, ಎಲ್ ಒತ್ತಿ, ಮೊದಲ ಕಂಬಸಾಲಿನ ಎಡ ರೆಫರೆನ್ಸನ್ನು 'ಶುರು' ಪ್ಲೇನ್‌ಗೆ ಅಲೈನ್ ಮಾಡಿ ಬೀಗ ಹಾಕಿ. ಎರಡನೆಯದನ್ನು 'ಎರಡನೇದು' ಪ್ಲೇನ್‌ಗೆ ಅಲೈನ್ ಮಾಡಿ ಬೀಗ ಹಾಕಿ. ಸರಿಯಾದ ಗೆರೆ ಸಿಗುವವರೆಗೆ ಟ್ಯಾಬ್ ಒತ್ತುತ್ತಿರಿ. ಅರೇಗೆ ಮುಂಚೆ ಹಾಕಿದ ಬೀಗವನ್ನು ನಂಬಬೇಡಿ, ಈಗ ಮತ್ತೆ ಹಾಕಿ. ಕೊನೆಗೆ ಅರೇಯ ಗೆರೆಯನ್ನು ಆರಿಸಿ, ಸಂಖ್ಯೆಗೆ ಲೇಬಲ್ ಆಗಿ ಕಂಬಸಾಲಿನ ಸಂಖ್ಯೆಯನ್ನು ಕೊಡಿ. ಸಂಖ್ಯೆ 5 ಮಾಡಿ, 9 ಮಾಡಿ, ಹೆಜ್ಜೆ 100 ಮಾಡಿ. ಎಲ್ಲವೂ ಕೇಳಿದ ಹಾಗೆ ನಡೆದರೆ ಮಾತ್ರ ಮುಂದೆ ಹೋಗಿ.

ಬಲ ತುದಿಯ ಪಟ್ಟಿಗೆ ಇನ್ನೊಂದು ಪ್ಲೇನ್ ಬೇಕು. 'ಶುರು'ವಿನಿಂದ ಅದರ ದೂರ, ಸಂಖ್ಯೆಯನ್ನು ಹೆಜ್ಜೆಯಿಂದ ಗುಣಿಸಿದಷ್ಟು. ಅದನ್ನೂ ಕಿಟಕಿಯಲ್ಲೇ ಲೆಕ್ಕ ಮಾಡಿ ಕೆಳಗೆ ಕಳಿಸಿ. ಕಂಬಸಾಲಿನ ಫ್ಯಾಮಿಲಿಯೂ ಇದೇ ರೀತಿ, ಅಡ್ಡದ ಬದಲು ಎತ್ತರ ಅಷ್ಟೆ. ಅದನ್ನು ಮುಂಭಾಗದ ಎಲಿವೇಷನ್‌ನಲ್ಲಿ ಮಾಡಿ.

ಕಿಟಕಿಯಲ್ಲಿ ಬರೆಯುವ ಲೆಕ್ಕ ಹೀಗಿದೆ:

ಕಂಬಸಾಲಿನ ಸಂಖ್ಯೆ = ರೌಂಡ್‌ಡೌನ್((ಒಳ ಅಗಲ − ಪಟ್ಟಿ − 2 × ಕನಿಷ್ಠ ಅಂಚು) / ಹೆಜ್ಜೆ)

ಅಂಚು = (ಒಳ ಅಗಲ − ಪಟ್ಟಿ − ಸಂಖ್ಯೆ × ಹೆಜ್ಜೆ) / 2

ರೌಂಡ್‌ಡೌನ್ ಅಂದರೆ ದಶಾಂಶ ಬಿಟ್ಟು ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸುವುದು. ಕನಿಷ್ಠ ಅಂಚು 2 ಮಿಮೀ. 450ಕ್ಕೆ ಇದು 6 ಕಂಬಸಾಲು ಕೊಡುತ್ತದೆ, ಎರಡೂ ಕಡೆ 3 ಮಿಮೀ ಅಂಚು. 490ಕ್ಕೂ 6, ಅಂಚು 23. ಆ 23 ಮಿಮೀಯನ್ನು ಕಾಕಾ ಚೌಕಟ್ಟಿನ ನಿಲುವು ಕಟ್ಟಿಗೆಯಲ್ಲಿ ಸೇರಿಸಿಬಿಟ್ಟರು.

ಸೂತ್ರದ ಪದಗಳನ್ನು ರೆವಿಟ್‌ನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಬರೆಯಬೇಕು. ಗುಣಾಕಾರಕ್ಕೆ ನಕ್ಷತ್ರದ ಗುರುತು ಹಾಕಿ. ಪ್ಯಾರಾಮೀಟರ್ ಹೆಸರಿನಲ್ಲಿ ಅಡ್ಡಗೆರೆ ಬೇಡ, ಅದನ್ನು ಕಳೆಯುವ ಗುರುತು ಎಂದು ಓದುತ್ತದೆ. ಹೆಜ್ಜೆಯ ಜಾಗದಲ್ಲಿ ಬರೀ 72 ಎಂದು ಬರೆದರೆ ಯೂನಿಟ್ ಹೊಂದುವುದಿಲ್ಲ ಎನ್ನುತ್ತದೆ. ಉದ್ದವನ್ನು ಉದ್ದದಿಂದ ಭಾಗಿಸಿದರೆ ಮಾತ್ರ ಎಣಿಕೆ ಬರುತ್ತದೆ, ಅಲ್ವಾ?

ರೌಂಡ್‌ಡೌನ್ ವಿಷಯದಲ್ಲಿ ನಾನು ಒಂದು ಇಡೀ ದಿನ ಕಳೆದುಕೊಂಡೆ. ಇಂಟಿಜರ್ ಪ್ಯಾರಾಮೀಟರ್ ಇದ್ದರೆ ರೆವಿಟ್ ದಶಾಂಶವನ್ನು ತಾನೇ ಹತ್ತಿರದ ಪೂರ್ಣ ಸಂಖ್ಯೆಗೆ ತರುತ್ತದೆ. ಹಾಗಾಗಿ ರೌಂಡ್‌ಡೌನ್ ಬೇಡ ಎಂದುಕೊಂಡಿದ್ದೆ. 450ರಲ್ಲಿ ಭಾಗಾಕಾರ 6.03 ಬರುತ್ತದೆ, ಅದು 6 ಆಯಿತು. ಏಳು ಕಿಟಕಿ ಚೆನ್ನಾಗಿ ಕೂತವು. 490ರಲ್ಲಿ 6.58 ಬರುತ್ತದೆ, ಅದು 7 ಆಯಿತು. ಆಗ ಅಂಚು −13. ಪ್ಲೇನ್‌ಗಳ ನಡುವಿನ ಅಳತೆ ಸೊನ್ನೆಗಿಂತ ಕಡಿಮೆ ಆಗಲಾರದು, ಎರರ್ ಬಂತು. ನಾನು ಬೀಗಗಳೇ ಹಾಳಾಗಿವೆ ಎಂದುಕೊಂಡು ಎಲ್ಲವನ್ನೂ ಬಿಚ್ಚಿ ಮತ್ತೆ ಅಲೈನ್ ಮಾಡುತ್ತಾ ಕೂತೆ. ತಪ್ಪು ಇದ್ದದ್ದು ಸೂತ್ರದಲ್ಲಿ. ಅದಕ್ಕೇ ಹೇಳುತ್ತೇನೆ, ಎರರ್ ಬಂದಾಗ ಮೊದಲು ಆ ಅಳತೆಯನ್ನು ಕಾಗದದ ಮೇಲೆ ಭಾಗಿಸಿ ನೋಡಿ.

ಕನಿಷ್ಠ ಅಂಚು ಯಾಕೆ? ಅದನ್ನು ಬಿಟ್ಟು ಒಳ ಅಗಲ 300 ಕೊಟ್ಟು ನೋಡಿ. 288ನ್ನು 72ರಿಂದ ಭಾಗಿಸಿದರೆ ಸರಿಯಾಗಿ 4, ಅಂಚು ಸೊನ್ನೆ. ಅಂಚಿನ ಕಟ್ಟಿಗೆಗೆ ದಪ್ಪವೇ ಇಲ್ಲ, ಆಕಾರ ಮುರಿಯುತ್ತದೆ. 2 ಮಿಮೀ ಇಟ್ಟರೆ 3 ಕಂಬಸಾಲು, ಅಂಚು 36. ಇನ್ನೊಂದು ಎಚ್ಚರ: ರೆವಿಟ್ ಒಳಗೊಳಗೆ ಉದ್ದವನ್ನು ಅಡಿಯಲ್ಲಿ ಇಟ್ಟುಕೊಳ್ಳುತ್ತದೆ. ಮಿಲಿಮೀಟರ್‌ನಲ್ಲಿ ಸರಿಯಾಗಿ ಭಾಗವಾಗುವ ಅಳತೆ ಅಲ್ಲಿ ಕೂದಲೆಳೆಯಷ್ಟು ಕಡಿಮೆ ಬಂದು, ಒಂದು ಕಂಬಸಾಲು ಕಾಣೆಯಾಗಬಹುದು. ಅಂಥ ಕಡೆ ಅಗಲಕ್ಕೆ 0.1 ಮಿಮೀ ಸೇರಿಸಿ ಭಾಗಿಸಿ.

ಹಳೆಯ ಆವೃತ್ತಿಗಳಲ್ಲಿ ಅರೇಯ ಸಂಖ್ಯೆ 2ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಇನ್ನೊಂದು ಮನೆಯ ಬಚ್ಚಲ ಕಿಟಕಿಯಲ್ಲಿ ನನಗೆ ಒಂದೇ ಕಂಬಸಾಲು ಬೇಕಿತ್ತು. ಆಗ ಅರೇಗೆ ಬೇರೆ ಸಂಖ್ಯೆ ಕೊಟ್ಟೆ: ನಿಜವಾದ ಸಂಖ್ಯೆ 2ಕ್ಕಿಂತ ಕಡಿಮೆ ಇದ್ದರೆ 2, ಇಲ್ಲದಿದ್ದರೆ ಆ ಸಂಖ್ಯೆಯೇ. 'ಶುರು' ಪ್ಲೇನ್ ಮೇಲೆ ಅರೇಗೆ ಸೇರದ ಒಂಟಿ ಕಂಬಸಾಲನ್ನೂ ಇಟ್ಟೆ. ಸಂಖ್ಯೆ 1 ಇದ್ದಾಗ ಒಂಟಿಯದು ಕಾಣುತ್ತದೆ, ಜಾಸ್ತಿ ಇದ್ದಾಗ ಅರೇ ಕಾಣುತ್ತದೆ. ಎರಡರ 'ವಿಸಿಬಲ್' ಗುಣವನ್ನೂ ಯೆಸ್-ನೋ ಪ್ಯಾರಾಮೀಟರ್‌ಗೆ ಜೋಡಿಸಬೇಕು. ಇದನ್ನೂ ಅರೇಗೆ ಮೊದಲೇ ಮಾಡಿ.

ಕೊನೆಯದು ಎಣಿಕೆ. ಒಂದೊಂದು ಚಿಪ್ಪನ್ನೂ ಶೆಡ್ಯೂಲ್‌ಗೆ (ರೆವಿಟ್ ಮಾಡಿಕೊಡುವ ಎಣಿಕೆಯ ಪಟ್ಟಿಗೆ) ತರಲು ಹೋದರೆ ಫೈಲ್ ಭಾರವಾಗುತ್ತದೆ. ನಾನು ಕಿಟಕಿಯಲ್ಲಿ ಒಂದು ಶೇರ್ಡ್ ಪ್ಯಾರಾಮೀಟರ್, ಅಂದರೆ ಫ್ಯಾಮಿಲಿಯ ಹೊರಗೂ ಓದಲು ಸಿಗುವ ಪ್ಯಾರಾಮೀಟರ್, ಇಟ್ಟೆ. ಕಂಬಸಾಲಿನ ಸಂಖ್ಯೆಯನ್ನು ಚಿಪ್ಪಿನ ಸಂಖ್ಯೆಯಿಂದ, ಮತ್ತೆ 2ರಿಂದ ಗುಣಿಸಿದ್ದು. ಮಾಮೂಲಿ ಫ್ಯಾಮಿಲಿ ಪ್ಯಾರಾಮೀಟರ್ ಶೆಡ್ಯೂಲ್‌ನಲ್ಲಿ ಕಾಣುವುದಿಲ್ಲ, ಶೇರ್ಡ್ ಆಗಿರಲೇಬೇಕು. ಎತ್ತರದ ಲೆಕ್ಕದಲ್ಲಿ ಪಟ್ಟಿ ಇಲ್ಲ, ಹೆಜ್ಜೆ 85; ಹಾಗಾಗಿ 1200 ಎತ್ತರಕ್ಕೆ 14 ಚಿಪ್ಪು, ಕದಕ್ಕೆ 84, ಕಿಟಕಿಗೆ 168, ಒಂಬತ್ತಕ್ಕೆ 1512.

ಬಿಚ್ಚಿಟ್ಟ ಹಳೆಯ ಚಿಪ್ಪುಗಳಲ್ಲಿ ಒಡೆಯದೆ ಸಿಕ್ಕಿದ್ದು 1430. ಶೆಡ್ಯೂಲ್ ಇದ್ದದ್ದರಿಂದ ಈ ಕೊರತೆ ಮರ ಕೊಯ್ಯುವ ಮೊದಲೇ ಗೊತ್ತಾಯಿತು. ಹಿತ್ತಲ ಕಡೆಯ ಒಂದು ಕದಕ್ಕೆ ಗಾಜು ಹಾಕೋಣ ಎಂದು ಮನೆಯವರು ಒಪ್ಪಿದರು. ಚಿಪ್ಪಿನ ಮೆಟೀರಿಯಲ್ ಪ್ಯಾರಾಮೀಟರನ್ನು ಚಿಪ್ಪಿನಿಂದ ಕಿಟಕಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಎಡ ಕದಕ್ಕೊಂದು ಬಲ ಕದಕ್ಕೊಂದು ಹೆಸರು ಇಟ್ಟಿದ್ದೆ. ಒಂದೇ ಕಡೆ ಬದಲಿಸಿದೆ, ಆ ಕದದ 84 ತುಂಡೂ ಗಾಜಾದವು. ಮಳೆ ಶುರುವಾಗುವ ಮೊದಲೇ ಎಲ್ಲ ಕಿಟಕಿ ಕೂತವು. ಎರಡು ಚಿಪ್ಪು ಉಳಿದವು. ಕಾಕಾ ಅವನ್ನು ಪೇಪರಿನಲ್ಲಿ ಸುತ್ತಿ ಮನೆಯ ಅಜ್ಜಿಯ ಕೈಗೆ ಕೊಟ್ಟರು, ಮುಂದೆ ಯಾವುದಾದರೂ ಒಡೆದರೆ ಬೇಕಾಗುತ್ತದೆ ಎಂದು.